ಪರದೆಗೆ ನಮ್ಮ ಮುಖ ಕಾಣುವುದಿಲ್ಲ

(ಇಜೇರಿಯಲ್ಲಿ ನಡೆದ ವಾರ್ಷಿಕ ಶೈಕ್ಷಣಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸಭೆಯಲ್ಲಿ ಪ್ರತಿ ವರ್ಷ ಪರೀಕ್ಷೆ, ಫಲಿತಾಂಶ, ವಿದ್ಯಾರ್ಥಿವೇತನ, ಹೆಣ್ಣುಮಕ್ಕಳ ಶಿಕ್ಷಣ ಇವುಗಳ ಬಗ್ಗೆ ಮಾತು ನಡೆಯುತ್ತದೆ. ಈ ಸಲ ನಾನು ಆರಿಸಿಕೊಂಡ ವಿಷಯ ಕೇಳಿ ಕೆಲವರು ನಕ್ಕರು. "ಧಾರಾವಾಹಿ ಬಗ್ಗೆ ಭಾಷಣ ಮಾಡ್ತೀರೇನ್ರಿ ಸರ್?" ಎಂದು ಒಬ್ಬ ಹುಡುಗ ಕೇಳಿಯೂ ಬಿಟ್ಟ. ಹೌದಪ್ಪ, ಅದರ ಬಗ್ಗೆಯೇ. ಆದರೆ ಟಿ.ವಿ. ನೋಡಬೇಡಿ, ಮೊಬೈಲ್ ಮುಟ್ಟಬೇಡಿ ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ನಾನೂ ನೋಡಿ ಬೆಳೆದವನೇ, ಈಗಲೂ ನೋಡುವವನೇ. ನನ್ನ ಪ್ರಶ್ನೆ ಬೇರೆ. ಮಾಯಾಲೋಕದ ಕಥೆಯೊಂದರಲ್ಲಿ ಭಯಾನಕವಾದ ಕೊಲೆಯನ್ನು, ಬೆಂಕಿಯನ್ನು, ರಕ್ತವನ್ನು ನೋಡಿದಾಗ ನಮ್ಮೊಳಗೆ ಏನಾಗುತ್ತದೆ? ನಮ್ಮ ಮಕ್ಕಳೊಳಗೆ ಏನಾಗುತ್ತದೆ? ಆಗ ಅವರ ಪಕ್ಕದಲ್ಲಿ ಯಾರಿರುತ್ತಾರೆ?

ನನ್ನ ಬಾಲ್ಯದಿಂದಲೇ ಆರಂಭಿಸುತ್ತೇನೆ. 1997ರ ಸೆಪ್ಟೆಂಬರ್‌ನಲ್ಲಿ ದೂರದರ್ಶನದಲ್ಲಿ 'ಶಕ್ತಿಮಾನ್' ಆರಂಭವಾಯಿತು, 2005ರವರೆಗೆ ನಡೆಯಿತು. ನನ್ನ ವಯಸ್ಸಿನವರಿಗೆ ಅದನ್ನು ವಿವರಿಸಬೇಕಾಗಿಲ್ಲ. ನಮ್ಮ ಓಣಿಯಲ್ಲಿ ಆಗ ಎರಡೇ ಮನೆಗಳಲ್ಲಿ ಟಿ.ವಿ. ಇತ್ತು. ಒಬ್ಬನು ಮಾಳಿಗೆ ಮೇಲೆ ನಿಂತು ಆಂಟೆನಾ ತಿರುಗಿಸುವುದು, ಕೆಳಗಿನಿಂದ ನಾವೆಲ್ಲ "ಬಂತು, ಬಂತು, ಹೋತು" ಎಂದು ಕೂಗುವುದು ನಡೆಯುತ್ತಿತ್ತು. ಕರೆಂಟ್ ಹೋದರೆ ಅಳುವೇ ಬರುತ್ತಿತ್ತು. ಮುಗಿದ ಮೇಲೆ ಎಲ್ಲರೂ ಅಂಗಳಕ್ಕೆ ಬಂದು, ಒಂದು ಕೈ ಮೇಲೆತ್ತಿ ಗಿರಗಿರನೆ ತಿರುಗಿ, ತಲೆ ಸುತ್ತಿ ಮಣ್ಣಿನಲ್ಲಿ ಬೀಳುತ್ತಿದ್ದೆವು. ಬಿದ್ದವನನ್ನು ದೊಡ್ಡವರು ಎಬ್ಬಿಸಿ, ಬೆನ್ನಿಗೊಂದು ಗುದ್ದು ಕೊಟ್ಟು ಒಳಗೆ ಕಳಿಸುತ್ತಿದ್ದರು. ಆ ದೊಡ್ಡವರು ಅಲ್ಲಿದ್ದರು ಎಂಬುದನ್ನು ದಯವಿಟ್ಟು ನೆನಪಿಡಿ. ಮುಂದೆ ಅದಕ್ಕೆ ಮರಳಿ ಬರುತ್ತೇನೆ.

ಅದೇ ದಿನಗಳಲ್ಲಿ, ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯಕ್ಕೆ ಸಿಕ್ಕಿದರೆಂಬ ಸುದ್ದಿಗಳು ದೇಶದ ಬೇರೆ ಬೇರೆ ಕಡೆಯಿಂದ ಪತ್ರಿಕೆಗಳಲ್ಲಿ ಬಂದವು. ಅವುಗಳಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂಬ ವಾದವೂ ನಡೆಯಿತು. ಕೊನೆಗೆ ಆ ಪಾತ್ರ ಮಾಡುತ್ತಿದ್ದ ಮುಕೇಶ್ ಖನ್ನಾ ಅವರೇ ಪರದೆಯ ಮೇಲೆ ಬಂದು, ಇಂಥ ಸಾಹಸಗಳನ್ನು ಅನುಕರಿಸಬೇಡಿ ಎಂದು ಮಕ್ಕಳಿಗೆ ತಿಳಿಹೇಳಬೇಕಾಯಿತು.

ಇದು ಹಳೆಯ ಕಾಲದ ಮಾತು ಎನ್ನಬೇಡಿ. 2017ರ ನವೆಂಬರ್ ತಿಂಗಳಿನಲ್ಲಿ ನಮ್ಮದೇ ರಾಜ್ಯದ ದಾವಣಗೆರೆ ಜಿಲ್ಲೆಯ ಹರಿಹರದಿಂದ ಒಂದು ಸುದ್ದಿ ಬಂತು. ಉದಯ ಟಿ.ವಿ.ಯಲ್ಲಿ ಆಗ 'ನಂದಿನಿ' ಎಂಬ ಧಾರಾವಾಹಿ ಬರುತ್ತಿತ್ತು. ಹಾವು, ಆತ್ಮ, ಅತಿಮಾನುಷ ಶಕ್ತಿಗಳ ಕಥೆ. ಅದರಲ್ಲಿನ ಬೆಂಕಿಯ ದೃಶ್ಯವೊಂದನ್ನು ಅನುಕರಿಸಲು ಹೋಗಿ ಏಳು ವರ್ಷದ ಬಾಲಕಿಯೊಬ್ಬಳು ಸುಟ್ಟ ಗಾಯಗಳಿಂದ ತೀರಿಕೊಂಡಳೆಂದು ಆಕೆಯ ಮನೆಯವರು ಹೇಳಿದರು. ದೇಶದ ಪತ್ರಿಕೆಗಳೆಲ್ಲ ಅದನ್ನು ಬರೆದವು. ಇಂಥ ಧಾರಾವಾಹಿ ನಿಲ್ಲಿಸಬೇಕೆಂದು ಕೆಲವರು ಹೇಳಿದರು. ಮನೆಯವರು ಏನು ಮಾಡುತ್ತಿದ್ದರೆಂದು ಕೆಲವರು ಕೇಳಿದರು. ಕೆಲವು ದಿನಗಳಲ್ಲಿ ಎಲ್ಲರೂ ಮರೆತರು. ಆ ತಾಯಿ ಮರೆತಿರಲಾರಳು.

ನಾನು ಆ ತಂದೆತಾಯಿಯನ್ನು ದೂರುವುದಿಲ್ಲ. ನಮ್ಮಲ್ಲಿ ಯಾರ ಮನೆಯಲ್ಲಿ ಮಗು ಪ್ರತಿ ಕ್ಷಣವೂ ಕಣ್ಣೆದುರಿಗೇ ಇರುತ್ತದೆ? ತಾಯಿ ರೊಟ್ಟಿ ಬಡಿಯುತ್ತಿರುತ್ತಾಳೆ, ತಂದೆ ಹೊಲದಲ್ಲಿರುತ್ತಾನೆ, ಇಲ್ಲವೆ ಪುಣೆಯಲ್ಲೋ ಬೆಂಗಳೂರಿನಲ್ಲೋ ದುಡಿಯುತ್ತಿರುತ್ತಾನೆ. ಆ ಸುದ್ದಿ ಓದಿದ ದಿನ ನನ್ನನ್ನು ಕಾಡಿದ್ದು ಒಂದೇ ಮಾತು. ಆ ದೃಶ್ಯ ನೋಡಿದ ದೊಡ್ಡವರು ಅದನ್ನು ಸುಳ್ಳು ಬೆಂಕಿ ಎಂದು ತಿಳಿದೇ ನೋಡಿದ್ದರು. ಆ ಮಗುವಿಗೆ ಅದು ಸುಳ್ಳು ಎಂದು ಯಾರಾದರೂ ಹೇಳಿದ್ದರೋ ಇಲ್ಲವೋ?

ಮಕ್ಕಳು ನೋಡಿ ಕಲಿಯುತ್ತಾರೆ ಎಂಬುದನ್ನು ಬಿ.ಎಡ್. ಓದಿದವರೆಲ್ಲ ಪರೀಕ್ಷೆಗಾಗಿ ಬರೆದಿದ್ದೇವೆ. ಆಲ್ಬರ್ಟ್ ಬಂಡೂರ ಎಂಬ ಮನೋವಿಜ್ಞಾನಿ 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 72 ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಗಾಳಿ ತುಂಬಿದ ದೊಡ್ಡ ಗೊಂಬೆಯನ್ನು ದೊಡ್ಡವರೊಬ್ಬರು ಹೊಡೆಯುವುದನ್ನು ಕೆಲವು ಮಕ್ಕಳಿಗೆ ತೋರಿಸಿದರು. ಬಳಿಕ ಗೊಂಬೆಯ ಕೋಣೆಗೆ ಬಿಟ್ಟಾಗ ಆ ಮಕ್ಕಳು ಅದೇ ರೀತಿ, ಅದೇ ಮಾತುಗಳನ್ನು ಆಡುತ್ತ ಹೊಡೆದರು. 1963ರಲ್ಲಿ ಎದುರಿಗೆ ತೋರಿಸುವ ಬದಲು ಚಲನಚಿತ್ರದಲ್ಲಿ ತೋರಿಸಿದರು. ಆಗಲೂ ಮಕ್ಕಳು ಅನುಕರಿಸಿದರು. 1965ರಲ್ಲಿ ಇನ್ನೊಂದು ಸಂಗತಿ ಕಂಡರು. ಹೊಡೆದವನಿಗೆ ಶಿಕ್ಷೆಯಾದದ್ದನ್ನು ನೋಡಿದ ಮಕ್ಕಳು ಕಡಿಮೆ ಹೊಡೆದರು. ಆದರೆ "ಅವನು ಮಾಡಿದಂತೆ ಮಾಡಿ ತೋರಿಸು, ಬಹುಮಾನ ಕೊಡುತ್ತೇನೆ" ಎಂದಾಗ ಅವರೂ ಎಲ್ಲವನ್ನೂ ಮಾಡಿ ತೋರಿಸಿದರು. ಅಂದರೆ ಅವರೂ ಕಲಿತಿದ್ದರು, ಹೊರಗೆ ತೋರಿಸಿರಲಿಲ್ಲ ಅಷ್ಟೆ.

ಗೊಂಬೆಗೆ ಹೊಡೆದವನು ಮುಂದೆ ಮನುಷ್ಯರನ್ನು ಹೊಡೆಯುತ್ತಾನೆ ಎಂದು ಈ ಪ್ರಯೋಗ ಹೇಳುವುದಿಲ್ಲ. ಶಕ್ತಿಮಾನ್ ನೋಡಿದ ಕೋಟ್ಯಂತರ ಮಕ್ಕಳು ಸುರಕ್ಷಿತವಾಗಿ ಬೆಳೆದು ಇಂದು ಡಾಕ್ಟರು, ರೈತರು, ಮಾಸ್ತರರು ಆಗಿದ್ದಾರೆ. ಆದರೆ ಒಂದು ಮಾತು ನಮಗೆ ಸಾಕು. ಮಗು ಹೊರಗೆ ತೋರಿಸುವುದೇ ಬೇರೆ, ಒಳಗೆ ಇಟ್ಟುಕೊಳ್ಳುವುದೇ ಬೇರೆ.

ಇನ್ನು ದೊಡ್ಡವರ ವಿಷಯ. ನಾವೇನು ಕಲ್ಲಾಗಿದ್ದೇವೆಯೇ? 'ಗೇಮ್ ಆಫ್ ಥ್ರೋನ್ಸ್' ಎಂಬ ಇಂಗ್ಲಿಷ್ ಧಾರಾವಾಹಿಯ ಹೆಸರನ್ನು ಕಾಲೇಜು ಹುಡುಗರು ಕೇಳಿರುತ್ತಾರೆ. 2011ರಿಂದ 2019ರವರೆಗೆ ನಡೆದ, ವಯಸ್ಕರಿಗೆಂದೇ ಮಾಡಿದ ಮಾಯಾಲೋಕದ ಕಥೆ ಅದು. 2013ರ ಜೂನ್ 2ರಂದು ಪ್ರಸಾರವಾದ ಕಂತಿನಲ್ಲಿ ಒಂದು ಮದುವೆಯ ಊಟ ನಡೆಯುತ್ತದೆ. ಆತಿಥೇಯನು ಬಾಗಿಲು ಹಾಕಿಸಿ, ತನ್ನ ಮನೆಯ ಅನ್ನ ಉಂಡ ಅತಿಥಿಗಳನ್ನೇ ಕೊಲ್ಲಿಸುತ್ತಾನೆ. ಗರ್ಭಿಣಿಯನ್ನೂ ಬಿಡುವುದಿಲ್ಲ. ಅಂದು ರಾತ್ರಿ ಅದನ್ನು ನೋಡಿದ ದೊಡ್ಡ ದೊಡ್ಡವರೇ ಚೀರಿದರು, ಅತ್ತರು, ಬಾಯಿಗೆ ಕೈ ಹಿಡಿದು ಕುಳಿತರು. ಇನ್ನೆಂದೂ ಈ ಧಾರಾವಾಹಿ ನೋಡುವುದಿಲ್ಲ ಎಂದು ಶಪಥ ಮಾಡಿದವರೂ ಇದ್ದರು. ಆ ಕಥೆಯ ಪುಸ್ತಕ 2000ದಲ್ಲಿಯೇ ಬಂದಿತ್ತು. ಅದನ್ನು ಓದಿದ್ದವರಿಗೆ ಮುಂದೇನಾಗುತ್ತದೆಂದು ಗೊತ್ತಿತ್ತು. ಅವರಲ್ಲಿ ಕೆಲವರು ಏನು ಮಾಡಿದರು ಗೊತ್ತೆ? ಗೊತ್ತಿಲ್ಲದ ಗೆಳೆಯರನ್ನು, ಮನೆಯವರನ್ನು ಟಿ.ವಿ. ಮುಂದೆ ಕೂರಿಸಿ, ಅವರ ಮುಖವನ್ನು ವಿಡಿಯೋ ಮಾಡಿದರು. ಆ ವಿಡಿಯೋಗಳನ್ನು ಜಗತ್ತೆಲ್ಲ ನೋಡಿ ನಕ್ಕಿತು. ಒಬ್ಬರ ಆಘಾತ ಇನ್ನೊಬ್ಬರಿಗೆ ತಮಾಷೆಯಾಯಿತು.

ಅಷ್ಟು ಯುದ್ಧ, ಅಷ್ಟು ಸಾವು ನೋಡಿದ್ದ ಪ್ರೇಕ್ಷಕರಿಗೆ ಇದೊಂದೇ ಯಾಕೆ ಇಷ್ಟು ನೋವು ಕೊಟ್ಟಿತು? ರಕ್ತ ಹೆಚ್ಚಾಯಿತೆಂದಲ್ಲ. ಅನ್ನದ ಋಣ ಮುರಿಯಿತು, ಅದಕ್ಕೆ. ಮೆಹಮಾನನಿಗೆ ಉಣ್ಣಲು ಕೊಟ್ಟ ಕೈಯೇ ಕತ್ತಿ ಹಿಡಿಯಿತು. ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಅವರು ಇದಕ್ಕೆ ಸ್ಕಾಟ್ಲೆಂಡಿನ ಇತಿಹಾಸದ ಎರಡು ಘಟನೆಗಳು ಪ್ರೇರಣೆ ಎಂದಿದ್ದಾರೆ. ಅದರಲ್ಲಿ ಒಂದು 1692ರ ಫೆಬ್ರುವರಿಯಲ್ಲಿ ಗ್ಲೆಂಕೋ ಎಂಬಲ್ಲಿ ನಡೆದದ್ದು. ಸೈನಿಕರು ಸುಮಾರು ಎರಡು ವಾರ ಊರವರ ಮನೆಗಳಲ್ಲಿ ಉಂಡು ಮಲಗಿ, ಕೊನೆಗೆ ಬೆಳಗಿನ ಜಾವ ಆ ಮನೆಯವರನ್ನೇ ಕೊಂದರು. ಆ ಅಧ್ಯಾಯ ಬರೆಯುವುದು ತಮಗೇ ಬಹಳ ಕಷ್ಟವಾಯಿತು, ಪುಸ್ತಕದ ಉಳಿದ ಭಾಗವನ್ನೆಲ್ಲ ಮುಗಿಸಿದ ಮೇಲೆ ಅದನ್ನು ಬರೆದೆ ಎಂದು ಮಾರ್ಟಿನ್ ಹೇಳಿದ್ದಾರೆ. ಬರೆದವನಿಗೂ ನೋವಾಗಿತ್ತು ಎಂದಾಯಿತು. ಕಂಡವರ ಸಾವಿಗೆ ಕರಗುವುದು ಮನುಷ್ಯನ ದೌರ್ಬಲ್ಯವಲ್ಲ. ಅಂದು ಅತ್ತವರು ಹುಚ್ಚರಲ್ಲ, ಅವರ ಮನಸ್ಸು ಜೀವಂತವಾಗಿತ್ತು.

ಇಂಥ ಕಥೆಗಳು ನಮಗೆ ಹೊಸವೇನಲ್ಲ. ಉರ್ದು ಓದುವ ಮಕ್ಕಳಿಗೆ ದಾಸ್ತಾನ್-ಎ-ಅಮೀರ್ ಹಮ್ಜಾ ಗೊತ್ತು. ಅದರಿಂದಲೇ ಬೆಳೆದ 'ತಿಲಿಸ್ಮ್-ಎ-ಹೋಶ್‌ರುಬಾ' 1883ರಿಂದ ಲಖನೌದ ನವಲ್ ಕಿಶೋರ್ ಮುದ್ರಣಾಲಯದಿಂದ ಸಂಪುಟ ಸಂಪುಟವಾಗಿ ಹೊರಬಂತು. ಜಾದೂಗಾರರು, ದೈತ್ಯರು, ಅಯ್ಯಾರರು, ಕತ್ತಿಯ ಹೊಡೆತಕ್ಕೆ ಉರುಳುವ ತಲೆಗಳು ಎಲ್ಲವೂ ಅದರಲ್ಲಿವೆ. ನಮ್ಮ ಬಯಲಾಟದಲ್ಲಿ ಅಭಿಮನ್ಯುವನ್ನು ಏಳೆಂಟು ಮಂದಿ ಸುತ್ತುವರಿದು ಕೊಲ್ಲುತ್ತಾರೆ. ಮೊಹರಂ ಬಂದರೆ ನಮ್ಮ ಭಾಗದ ಹಳ್ಳಿಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರು ಕೂಡಿ ಕನ್ನಡದಲ್ಲಿಯೇ ರಿವಾಯತ್ ಪದಗಳನ್ನು ಹಾಡುತ್ತಾರೆ. ಅಲ್ಲಿಯೂ ನೀರಡಿಸಿದ ಕೂಸಿಗೆ ಬಾಣ ತಾಗುತ್ತದೆ. ಅದನ್ನು ಕೇಳಿ ಕಣ್ಣೊರೆಸಿಕೊಳ್ಳದ ಅಜ್ಜಿಯರನ್ನು ನಾನು ಕಂಡಿಲ್ಲ. 1988ರಿಂದ 1990ರವರೆಗೆ ಬಂದ ದೂರದರ್ಶನದ 'ಮಹಾಭಾರತ'ದಲ್ಲಿಯೂ ಯುದ್ಧವಿತ್ತು, ರಕ್ತವಿತ್ತು. ಅದಕ್ಕೆ ಸಂಭಾಷಣೆ ಬರೆದವರು ನಮ್ಮ ರಾಹಿ ಮಾಸೂಮ್ ರಜಾ ಸಾಹೇಬರು.

ಹಾಗಾದರೆ ವ್ಯತ್ಯಾಸವೇನು? ನನಗೆ ಎರಡು ವ್ಯತ್ಯಾಸಗಳು ಕಾಣುತ್ತವೆ.

ಮೊದಲನೆಯದು, ಆ ಪದಗಳಲ್ಲಿ, ಬಯಲಾಟದಲ್ಲಿ ಸತ್ತವನಿಗೆ ಹೆಸರಿದೆ, ತಾಯಿಯಿದ್ದಾಳೆ. ಕೇಳುವವನು ಸತ್ತವನ ಕಡೆ ನಿಲ್ಲುತ್ತಾನೆ. ಇಂದು ಮೊಬೈಲ್‌ನಲ್ಲಿ ಬರುವ ತುಣುಕಿನಲ್ಲಿ ಹಿಂದಿಲ್ಲ, ಮುಂದಿಲ್ಲ. ಕುತ್ತಿಗೆ ಕತ್ತರಿಸುವ ಅರ್ಧ ನಿಮಿಷ ಮಾತ್ರ ಇರುತ್ತದೆ. ಸತ್ತವನು ಯಾರೆಂದು ಗೊತ್ತಿಲ್ಲ, ಯಾಕೆ ಸತ್ತನೆಂದು ಗೊತ್ತಿಲ್ಲ. ಕಥೆ ಕಳೆದು ಬರೀ ಕೊಲೆ ಉಳಿದಿರುತ್ತದೆ.

ಎರಡನೆಯದು ಇನ್ನೂ ದೊಡ್ಡದು. ದಾಸ್ತಾನ್ ಹೇಳುವವನು ಕೇಳುವವರ ಎದುರಿಗೆ ಕುಳಿತಿರುತ್ತಿದ್ದ. 1928ರಲ್ಲಿ ತೀರಿಕೊಂಡ ದೆಹಲಿಯ ಮೀರ್ ಬಾಕರ್ ಅಲಿಯವರನ್ನು ಹಳೆಯ ಪರಂಪರೆಯ ಕೊನೆಯ ಪ್ರಸಿದ್ಧ ದಾಸ್ತಾನ್‌ಗೋ ಎನ್ನುತ್ತಾರೆ. ಎದುರು ಕುಳಿತು ಕಥೆ ಹೇಳುವವನಿಗೆ ಕೇಳುವವರ ಮುಖ ಕಾಣುತ್ತದೆ. ಮಗು ಹೆದರಿತು ಎಂದರೆ ಅವನು ಧ್ವನಿ ತಗ್ಗಿಸಬಲ್ಲ, ನಡುವೆ ಒಂದು ನಗೆಮಾತು ಸೇರಿಸಬಲ್ಲ. ನಮ್ಮ ದಾದಿ ನಾನಿಯರು ಕಥೆ ಹೇಳುವಾಗ ಮಾಡುತ್ತಿದ್ದದ್ದೂ ಅದನ್ನೇ. ದೈತ್ಯ ಬಂದ ಕೂಡಲೆ ನಾವು ಅವರ ಸೆರಗು ಹಿಡಿಯುತ್ತಿದ್ದೆವು, ಅವರು ನಮ್ಮ ತಲೆ ಸವರುತ್ತಿದ್ದರು. ಪರದೆಗೆ ನಮ್ಮ ಮುಖ ಕಾಣುವುದಿಲ್ಲ. ನೋಡುವವನು ನಲವತ್ತರವನೋ ನಾಲ್ಕರವನೋ ಅದಕ್ಕೆ ಗೊತ್ತಿಲ್ಲ. ಮಗು ಕಣ್ಣು ಮುಚ್ಚಿಕೊಂಡರೂ ಅದು ನಿಲ್ಲುವುದಿಲ್ಲ.

ಈಗ ನನ್ನ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು. ಈ ಭಾಷಣಕ್ಕೆ ಕಾರಣವೇ ಅದು.

ಕೆಲವು ವರ್ಷಗಳ ಹಿಂದೆ ಐದನೆಯ ತರಗತಿಯಲ್ಲಿ ಕನ್ನಡ ಪಾಠ ನಡೆದಿತ್ತು. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಗೆಳೆಯರಿಗೆ ಏನೋ ಹೇಳುತ್ತ ಜೋರಾಗಿ ನಗುತ್ತಿದ್ದ. ಎಬ್ಬಿಸಿ ಕೇಳಿದೆ. "ಸರ್, ರಾತ್ರಿ ಮನಿಯಾಗ ಹೊಕ್ಕು ಎಲ್ಲರ್ನೂ ಕಡದು ಹಾಕ್ತಾರ್ರಿ. ಸಣ್ಣ ಹುಡುಗನ್ನೂ ಬಿಡಂಗಿಲ್ರಿ. ತಲಿ ಹ್ಯಾಂಗ ಉರುಳ್ತದ ನೋಡಬೇಕ್ರಿ!" ಎಂದು ಹೇಳಿ ಮತ್ತೆ ನಕ್ಕ. ಯಾವುದೋ ಮಾಯಾಲೋಕದ ಧಾರಾವಾಹಿಯ ದೃಶ್ಯ. ಊರಿಗೆ ಬಂದಿದ್ದ ಸಂಬಂಧಿಕನ ಮೊಬೈಲ್‌ನಲ್ಲಿ ನೋಡಿದ್ದ. ನನಗೆ ಸಿಟ್ಟು ಬಂತು. ಸಣ್ಣ ಮಗುವಿನ ಸಾವಿಗೆ ನಗುವ ಇವನು ಎಂಥ ಕಲ್ಲು ಮನಸ್ಸಿನವನು ಎಂದುಕೊಂಡೆ. ಎಲ್ಲರೆದುರು ಬೈದು, ಪಾಠ ಮುಗಿಯುವವರೆಗೆ ಬಾಗಿಲ ಹೊರಗೆ ನಿಲ್ಲಿಸಿದೆ. ದೊಡ್ಡ ನೀತಿ ಕಲಿಸಿದೆನೆಂಬ ಸಮಾಧಾನವೂ ನನಗಾಯಿತು.

ಒಂದು ವಾರದ ಮೇಲೆ ಅವನ ನಾನಿ ಶಾಲೆಗೆ ಬಂದರು. ನಮ್ಮ ದಖನಿಯಲ್ಲಿ ಹೇಳಿದರು: "ಮಾಸ್ಟರ್ ಸಾಬ್, ಬಚ್ಚಾ ರಾತ್ ಕೋ ಸೋತಾಚ್ ನಹೀಂ." ಹುಡುಗ ರಾತ್ರಿ ಮಲಗುವುದೇ ಇಲ್ಲ. ದೀಪ ಆರಿಸಲು ಬಿಡುವುದಿಲ್ಲ. ಎರಡು ಮೂರು ಸಲ ಎದ್ದು ಬಾಗಿಲ ಚಿಲಕ ಮುಟ್ಟಿ ನೋಡಿ ಬರುತ್ತಾನೆ. ಯಾರಾದರೂ ಏನಾದರೂ ಮಾಡಿಸಿದ್ದಾರೇನೋ, ತಾಯಿತ ಕಟ್ಟಿಸಬೇಕೇನೋ ಎಂದು ಆ ಹಿರಿಯ ಜೀವ ಚಿಂತಿಸುತ್ತಿತ್ತು.

ನನ್ನ ಕಾಲ ಕೆಳಗಿನ ನೆಲವೇ ಕುಸಿದಂತಾಯಿತು. ಅಂದು ಅವನು ನಕ್ಕದ್ದು ಸಂತೋಷದಿಂದಲ್ಲ. ಹೊತ್ತುಕೊಳ್ಳಲಾರದ ಭಾರವನ್ನು ಗೆಳೆಯರ ಮುಂದೆ ನಗುತ್ತ ಇಳಿಸಲು ನೋಡಿದ್ದ. ನಾನು ಅದನ್ನು ಇಳಿಸಲು ಬಿಡದೆ, ಇನ್ನಷ್ಟು ಹೊರಿಸಿ ಬಾಗಿಲಾಚೆ ನಿಲ್ಲಿಸಿದ್ದೆ. ಪರದೆಗೆ ಅವನ ಮುಖ ಕಾಣಲಿಲ್ಲ ನಿಜ. ನನಗೆ ಕಣ್ಣಿತ್ತು. ನನಗೂ ಕಾಣಲಿಲ್ಲ.

ಮರುದಿನ ಅವನನ್ನು ಬೇವಿನ ಗಿಡದ ಕೆಳಗೆ ಕೂರಿಸಿಕೊಂಡು, "ನಿನ್ನನ್ನು ಬೈದದ್ದು ನನ್ನ ತಪ್ಪು" ಎಂದೆ. ಬಹಳ ಹೊತ್ತು ನೆಲ ಕೆರೆಯುತ್ತ ಸುಮ್ಮನಿದ್ದ. ಆಮೇಲೆ ಕೇಳಿದ: "ಸರ್, ಅಬ್ಬಾ ಊರಾಗ ಇಲ್ರಿ. ಹಂಗ ಯಾರರೆ ಬಂದ್ರ ಬಾಗಿಲ ಯಾರು ಹಿಡೀಬೇಕ್ರಿ?" ಅವನ ತಂದೆ ದುಡಿಯಲು ಊರು ಬಿಟ್ಟು ಹೋಗಿದ್ದರು. ಮನೆಯಲ್ಲಿ ಅಮ್ಮಿ, ನಾನಿ, ತಂಗಿ. ಹತ್ತು ವರ್ಷದ ಆ ಹುಡುಗ ಪ್ರತಿ ರಾತ್ರಿ ಮನೆ ಕಾಯುತ್ತಿದ್ದ.

ಅವನಿಗೆ ನಾನು ಮಾಡಿದ್ದು ಹೆಚ್ಚೇನಲ್ಲ. ಆ ದೃಶ್ಯವನ್ನು ಹೇಗೆ ಮಾಡುತ್ತಾರೆಂದು ಹೇಳಿದೆ. ರಕ್ತ ಬಣ್ಣದ ಪಾಕ, ಕತ್ತಿ ಮೊಂಡು, ಉರುಳಿದ ತಲೆ ಮೇಣ ರಬ್ಬರಿನದು, ಬೆಂಕಿಯನ್ನು ಎಷ್ಟೋ ಸಲ ಕಂಪ್ಯೂಟರಿನಲ್ಲಿ ಸೇರಿಸುತ್ತಾರೆ, ಹಾರುವವನ ಸೊಂಟಕ್ಕೆ ತಂತಿ ಕಟ್ಟಿರುತ್ತಾರೆ. ಸತ್ತ ಹುಡುಗ ಎದ್ದು ಮುಖ ತೊಳೆದು ತನ್ನ ಅಮ್ಮಿಯ ಜೊತೆ ಮನೆಗೆ ಹೋಗಿರುತ್ತಾನೆ ಎಂದಾಗ ಮೊದಲ ಸಲ ಅವನ ಮುಖ ಸಡಿಲವಾಯಿತು. ಇದೆಲ್ಲ ನಜರ್‌ಬಂದಿ, ಕಣ್ಕಟ್ಟು. ರಾತ್ರಿ ಅವನ ಅಬ್ಬಾ ಮಲಗುವ ಮುಂಚೆ ಫೋನ್ ಮಾಡಬೇಕೆಂದು ನಾನಿಗೆ ಹೇಳಿ ಕಳಿಸಿದೆ. ಒಂದೇ ದಿನದಲ್ಲಿ ಸರಿಹೋಗಲಿಲ್ಲ. ಒಂದು ತಿಂಗಳೇ ಹಿಡಿಯಿತು.

ಆತ್ಮೀಯರೆ, ಇದರಿಂದ ನಾನು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಪಾಲಕರಿಗೆ ನನ್ನ ವಿನಂತಿ. ಮಗು ಏನು ನೋಡಿತು ಎಂದು ಕೇಳುವಷ್ಟೇ, ನೋಡಿ ಏನನ್ನಿಸಿತು ಎಂದೂ ಕೇಳಿ. ನಕ್ಕರೆ ಕ್ರೂರಿ ಎನ್ನಬೇಡಿ, ಅತ್ತರೆ ಅಂಜುಬುರುಕ ಎನ್ನಬೇಡಿ, ಸುಮ್ಮನಿದ್ದರೆ ಏನೂ ಆಗಿಲ್ಲ ಎಂದುಕೊಳ್ಳಬೇಡಿ. ಸಣ್ಣ ಮಕ್ಕಳು ನೋಡುವಾಗ ಹತ್ತು ನಿಮಿಷವಾದರೂ ಪಕ್ಕದಲ್ಲಿ ಕುಳಿತು, "ಇದು ಸುಳ್ಳು ಬೆಂಕಿ, ನಿಜವಾದದ್ದು ಸುಡುತ್ತದೆ" ಎಂಬ ಒಂದು ಮಾತು ಹೇಳಿ. ಬೆಂಕಿಪೆಟ್ಟಿಗೆ, ಸೀಮೆಎಣ್ಣೆ ಮಕ್ಕಳ ಕೈಗೆ ಸಿಗದಂತೆ ಇಡಿ. ರಾತ್ರಿ ಹೆದರಿಕೆ, ನಿದ್ದೆಗೇಡು ವಾರಗಟ್ಟಲೆ ನಿಂತರೆ ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಉಚಿತವಾಗಿ ಸಲಹೆ ಸಿಗುತ್ತದೆ.

ಕಾನೂನು ಇಲ್ಲವೆಂದಲ್ಲ. 1995ರ ಕೇಬಲ್ ಟೆಲಿವಿಷನ್ ಕಾಯ್ದೆಯ ಕೆಳಗಿನ ಕಾರ್ಯಕ್ರಮ ಸಂಹಿತೆಯ ಪ್ರಕಾರ, ಮಕ್ಕಳು ಹೆಚ್ಚಾಗಿ ನೋಡುವ ಹೊತ್ತಿನಲ್ಲಿ ಅವರಿಗೆ ತಕ್ಕುದಲ್ಲದ ಕಾರ್ಯಕ್ರಮ ತೋರಿಸುವಂತಿಲ್ಲ. ಮನರಂಜನೆ ಚಾನೆಲ್‌ಗಳ ಮೇಲಿನ ದೂರು ಕೇಳಲು 2011ರಿಂದ ಪ್ರಸಾರಕರದೇ ಒಂದು ಮಂಡಳಿ ಇದೆ. 2021ರ ನಿಯಮಗಳ ಪ್ರಕಾರ ಮೊಬೈಲ್‌ನಲ್ಲಿ ನೋಡುವ ಓಟಿಟಿ ಕಥೆಗಳಿಗೆ 7, 13, 16 ವರ್ಷ ಮೇಲ್ಪಟ್ಟವರಿಗೆ, ವಯಸ್ಕರಿಗೆ ಎಂಬ ಗುರುತು ಹಾಕಬೇಕು. 13ರ ಮೇಲಿನ ಗುರುತಿನವಕ್ಕೆ ಬೀಗ ಹಾಕುವ ಸೌಲಭ್ಯವನ್ನೂ ಕೊಡಬೇಕು. ಇವನ್ನು ತಿಳಿದುಕೊಳ್ಳಿ, ಬಳಸಿ. ಆದರೆ ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ಬರುವ ತುಣುಕಿಗೆ ಗುರುತೂ ಇಲ್ಲ, ಬೀಗವೂ ಇಲ್ಲ. ಅದನ್ನು ತಡೆಯುವ ಬೀಗ ನಮ್ಮ ಕೈಬೆರಳೇ. ಮುಂದೆ ಕಳಿಸುವ ಮುನ್ನ ಒಂದು ಕ್ಷಣ ನಿಲ್ಲಿ.

ವಿದ್ಯಾರ್ಥಿಗಳೆ, ನಿಮಗೊಂದು ಮಾತು. ಹೆದರಿಕೆಯಾದರೆ ಅದನ್ನು ಹೇಳಿಕೊಳ್ಳಿ. ಅದರಲ್ಲಿ ನಾಚಿಕೆಯಿಲ್ಲ. ಗೆಳೆಯನಿಗೆ ಬೇಕೆಂದೇ ಭಯಾನಕ ದೃಶ್ಯ ತೋರಿಸಿ ಅವನ ಮುಖ ನೋಡಿ ನಗಬೇಡಿ. ನಿಮ್ಮ ಮನೆಯ ತಮ್ಮ ತಂಗಿಯರ ಪಕ್ಕದಲ್ಲಿ ದೊಡ್ಡವರಿಲ್ಲದಾಗ ಆ ದೊಡ್ಡವರು ನೀವೇ.

ನನ್ನ ಜೊತೆಯ ಶಿಕ್ಷಕರಿಗೆ ಹೇಳುವಷ್ಟು ದೊಡ್ಡವನು ನಾನಲ್ಲ. ತಾಲೀಮ್ ಎಂದರೆ ಪಾಠ ಹೇಳುವುದು, ತರಬಿಯತ್ ಎಂದರೆ ಮಗುವನ್ನು ಬೆಳೆಸುವುದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾನು ಅಂದು ಪಾಠ ಉಳಿಸಿಕೊಳ್ಳಲು ಹೋಗಿ ಮಗುವನ್ನು ಹೊರಗೆ ನಿಲ್ಲಿಸಿದೆ. ನೀವು ಹಾಗೆ ಮಾಡಬೇಡಿ. ಅಂದಿನಿಂದ ತರಗತಿಯಲ್ಲಿ ಯಾರಾದರೂ ಅಸಂಬದ್ಧವಾಗಿ ನಕ್ಕರೆ, ನಾನು ಮೊದಲು ಕೇಳುವುದು ಒಂದೇ: "ರಾತ್ರಿ ನಿದ್ದಿ ಬಂತೇನಪ್ಪ?"

ಆ ಹುಡುಗ ಈಗ ಹೈಸ್ಕೂಲ್ ಮುಗಿಸುತ್ತಿದ್ದಾನೆ. ಈ ಮಾತುಗಳನ್ನು ಹೇಳಲು ಅವನ ಮತ್ತು ಅವನ ಮನೆಯವರ ಅನುಮತಿ ಪಡೆದಿದ್ದೇನೆ. "ಹೇಳ್ರಿ ಸರ್, ಹೆಸರು ಮಾತ್ರ ಹೇಳಬ್ಯಾಡ್ರಿ" ಎಂದ. ಹೇಳಿಲ್ಲ.

ಇಂದು ರಾತ್ರಿ ಮನೆಗೆ ಹೋದ ಮೇಲೆ ಮಕ್ಕಳು ನೋಡುತ್ತಿರುವ ಪರದೆಯನ್ನು ಸ್ವಲ್ಪ ಹೊತ್ತು ಬಿಟ್ಟು, ಅವರ ಮುಖವನ್ನು ನೋಡಿ.